ಗುಂಡಿಗೆ ಲೆಕ್ಕವಿದೆ, ಲಾಠಿಗೆ ಇಲ್ಲ

(ಚಿಕ್ಕಬಳ್ಳಾಪುರದಲ್ಲಿ ವಕೀಲರು, ಕಾನೂನು ವಿದ್ಯಾರ್ಥಿಗಳು ಮತ್ತು ರೈತ ಕಾರ್ಯಕರ್ತರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ವೇದಿಕೆಯ ಮೇಲೆ ಬಾಯಿಗೆ ಬಾರದಿದ್ದ ಕೆಲವು ಕಲಂಗಳ ಸಂಖ್ಯೆಯನ್ನು ಸೇರಿಸಿದ್ದೇನೆ.)

ಈ ಸಭೆಯ ಕರಪತ್ರದಲ್ಲಿ ಮೊದಲು ಅಚ್ಚಾಗಿದ್ದ ವಿಷಯ ‘ಪೊಲೀಸ್ ದೌರ್ಜನ್ಯ’ ಎಂದು. ಅದನ್ನು ‘ಪೊಲೀಸ್ ಬಲಪ್ರಯೋಗ’ ಎಂದು ತಿದ್ದಿಕೊಳ್ಳಿ ಎಂದು ಸಂಘಟಕರನ್ನು ಕೇಳಿಕೊಂಡವನು ನಾನೇ. ಇದರಲ್ಲಿ ಪೊಲೀಸರ ಮೇಲಿನ ದಾಕ್ಷಿಣ್ಯವೇನೂ ಇಲ್ಲ. ದೌರ್ಜನ್ಯ ಎಂಬುದು ತೀರ್ಪಿನ ಮಾತು, ವಿಚಾರಣೆ ಮುಗಿದ ಮೇಲೆ ಬರಬೇಕಾದದ್ದು. ಬಲಪ್ರಯೋಗ ಎಂಬುದು ನಡೆದ ಸಂಗತಿಯ ಹೆಸರು. ಮೂವತ್ತು ವರ್ಷ ಈ ಭಾಗದ ನ್ಯಾಯಾಲಯಗಳಲ್ಲಿ ಕಪ್ಪು ಕೋಟು ಸವೆಸಿದವನಾಗಿ ನನಗೆ ಮತ್ತೆ ಮತ್ತೆ ಕಂಡಿರುವುದೇನೆಂದರೆ, ನಾವು ತೀರ್ಪಿನ ಬಗ್ಗೆ ಗಂಟಲು ಹರಿಯುವಂತೆ ವಾದಿಸುತ್ತೇವೆ, ಆದರೆ ಸಂಗತಿಯೇ ಯಾವ ಕಾಗದದಲ್ಲೂ ಇರುವುದಿಲ್ಲ.

ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಆಯುಧಾಗಾರವನ್ನು ಒಳಗಿನಿಂದ ನೋಡಿದವರು ಈ ಸಭೆಯಲ್ಲಿ ಒಬ್ಬಿಬ್ಬರಾದರೂ ಇರಬಹುದು. ಬಂದೋಬಸ್ತಿಗೆ ಹೊರಡುವ ಪೇದೆ ರೈಫಲ್ ಪಡೆಯುವಾಗ ಅದರ ನಂಬರು, ಜೊತೆಗೆ ಕೊಟ್ಟ ಗುಂಡುಗಳ ಸಂಖ್ಯೆ ಎರಡೂ ರಿಜಿಸ್ಟರಿಗೆ ಏರುತ್ತವೆ, ಅದರ ಮುಂದೆ ಅವನ ಸಹಿ ಬೀಳುತ್ತದೆ. ವಾಪಸು ಬಂದಾಗ ಮತ್ತೆ ಎಣಿಕೆ. ಗುಂಡು ಹಾರಿಸಿದ್ದರೆ ಯಾರ ಆದೇಶದ ಮೇಲೆ, ಎಷ್ಟು ಸುತ್ತು ಎಂದು ಬರೆಯಬೇಕು, ಖಾಲಿ ತೋಟೆಯನ್ನು ತಂದೊಪ್ಪಿಸಬೇಕು. ಗುಂಡೂ ಇಲ್ಲ, ತೋಟೆಯೂ ಇಲ್ಲ ಎಂದಾದರೆ ಅಂದು ರಾತ್ರಿ ಆ ಪೇದೆಗೆ ಮನೆ ಸೇರುವ ಯೋಗವಿಲ್ಲ. ಬೆರಳುದ್ದದ ಹಿತ್ತಾಳೆ ತೋಟೆಗಾಗಿ ಮೈದಾನದ ಹುಲ್ಲನ್ನೆಲ್ಲ ಕೈಯಿಂದ ಬಾಚಿಸಿದ ಕತೆಗಳನ್ನು ನಿವೃತ್ತ ಪೊಲೀಸರೇ ನಗುತ್ತ ಹೇಳುತ್ತಾರೆ. ಅದೇ ಕಟ್ಟಡದ ಇನ್ನೊಂದು ಮೂಲೆಯಲ್ಲಿ ಲಾಠಿಗಳು ಗೋಡೆಗೆ ಒರಗಿ ನಿಂತಿರುತ್ತವೆ. ಎಷ್ಟು ಲಾಠಿ ಹೊರಗೆ ಹೋದವು, ಎಷ್ಟು ಮುರಿದು ಬಂದವು ಎಂಬುದು ದಾಸ್ತಾನು ಪುಸ್ತಕದಲ್ಲಿ ಸಿಕ್ಕೀತು. ಅವು ಯಾರ ಮೈಮೇಲೆ, ಎಷ್ಟು ಸಲ, ಯಾವ ಕಾರಣಕ್ಕೆ ಬಿದ್ದವು ಎಂದು ಬರೆಯುವ ಕಾಲಂ ಯಾವ ಪುಸ್ತಕದಲ್ಲೂ ಇಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟನ್ನೇ. ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ, ತೀರ್ಪುಗಳಿಗಂತೂ ಇಲ್ಲವೇ ಇಲ್ಲ. ಇಲ್ಲದಿರುವುದು ದಿನನಿತ್ಯದ ಸಣ್ಣ ಬಲಪ್ರಯೋಗದ ಲೆಕ್ಕ. ಸತ್ತವರಿಗೆ ಒಂದು ವಿಚಾರಣೆಯಾದರೂ ಉಂಟು. ಬದುಕಿ ಕುಂಟುತ್ತ ಮನೆಗೆ ಹೋದವನಿಗೆ ಕಾಗದದ ಮೇಲೆ ಏನೂ ಆಗಿರುವುದಿಲ್ಲ.

ಲೆಕ್ಕದ ಮಾತೆತ್ತಿದ ಮೇಲೆ ಈ ಜಿಲ್ಲೆಯಲ್ಲಿ ನಿಂತು ವಿದುರಾಶ್ವತ್ಥವನ್ನು ಬಿಡಲು ಸಾಧ್ಯವಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದು ಎರಡು ವಾರ ಕಳೆಯುವುದರೊಳಗೆ, 25ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ನಿಷೇಧಾಜ್ಞೆಯನ್ನು ಮೀರಿ ಜನ ಸೇರಿದರು. ಉತ್ತರ ಪಿನಾಕಿನಿಯ ದಡ, ಅಶ್ವತ್ಥದ ಕಟ್ಟೆ, ನಾಗರಕಲ್ಲುಗಳ ಸಾಲು. ಅಲ್ಲಿ ಬಾವುಟ ಹಾರಿಸಲು ಬಂದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಗಾಂಧೀಜಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಮೈಸೂರಿಗೆ ಕಳಿಸಿದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದವಾಯಿತು, ಮದರಾಸು ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿಯೂ ನೇಮಕವಾಯಿತು. ಇಷ್ಟೆಲ್ಲ ಆದ ಮೇಲೂ ಅಂದು ಸತ್ತವರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಒಂದೇ ಉತ್ತರ ಉಳಿಯಲಿಲ್ಲ. ಸರ್ಕಾರದ ಲೆಕ್ಕ ಒಂದು, ಕಾಂಗ್ರೆಸ್ಸಿನ ಲೆಕ್ಕ ಇನ್ನೊಂದು. ಇಂದು ಸ್ತೂಪದ ಮುಂದೆ ನಿಂತವರು ಮೂವತ್ತಕ್ಕೂ ಹೆಚ್ಚು ಎನ್ನುತ್ತಾರೆ. ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಶಾಲೆಗಳು ಆ ವೀರಗಾಥೆಯನ್ನು ಚೆನ್ನಾಗಿಯೇ ಹೇಳಿಕೊಡುತ್ತವೆ. ನನಗೆ ಅಲ್ಲಿಗೆ ಹೋದಾಗಲೆಲ್ಲ ಕಾಡುವುದು ಆ ಎಣಿಕೆಯ ಗೊಂದಲ. ಗುಂಡು ಹೊಡೆದವರ ಕೈಯಲ್ಲೇ ಎಣಿಕೆಯ ಪುಸ್ತಕವೂ ಇದ್ದರೆ ಆಗುವುದು ಹೀಗೆಯೇ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಲಪ್ರಯೋಗದ ಮಟ್ಟಿಗೆ ಕಲಂಗಳ ನಂಬರು ಬದಲಾಗಿದೆ, ಮಾತು ಹೆಚ್ಚು ಬದಲಾಗಿಲ್ಲ. 43ನೇ ಕಲಂ ಪ್ರಕಾರ ಬಂಧನವನ್ನು ಬಲವಂತವಾಗಿ ವಿರೋಧಿಸುವವನ ಮೇಲೆ ಅಗತ್ಯವಾದ ಎಲ್ಲ ವಿಧಾನಗಳನ್ನೂ ಬಳಸಬಹುದು, ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಗುರಿಯಾಗಬಹುದಾದ ಅಪರಾಧದ ಆರೋಪವಿಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಆ ಕಲಂ ಕೊಡುವುದಿಲ್ಲ. 46ನೇ ಕಲಂ ಪ್ರಕಾರ ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದುದಕ್ಕಿಂತ ಹೆಚ್ಚಿನ ನಿರ್ಬಂಧ ಸಲ್ಲದು. ಗುಂಪು ಚದುರಿಸುವ ಅಧಿಕಾರ 148ನೇ ಕಲಮಿನಲ್ಲಿದೆ: ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅವರಿಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮೊದಲು ಚದುರುವಂತೆ ಆದೇಶ ಕೊಡಬೇಕು, ಕೇಳದಿದ್ದರೆ ಬಲದಿಂದ ಚದುರಿಸಬಹುದು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಚಿತ್ರವನ್ನು ಗಮನಿಸಬೇಕು. ‘ಸಾಧ್ಯವಾದಷ್ಟು ಕಡಿಮೆ ಬಲ, ದೇಹಕ್ಕೂ ಆಸ್ತಿಗೂ ಸಾಧ್ಯವಾದಷ್ಟು ಕಡಿಮೆ ಹಾನಿ’ ಎಂಬ ನಾವೆಲ್ಲ ಆಗಾಗ ಉದ್ಧರಿಸುವ ನಿಯಮ ಇರುವುದು ಮುಂದಿನ 149ನೇ ಕಲಮಿನಲ್ಲಿ, ಗುಂಪು ಚದುರಿಸಲು ಸೈನ್ಯವನ್ನು ಕರೆಸಿದಾಗ ಅನ್ವಯವಾಗುವ ಕಲಂ ಅದು. ಪೊಲೀಸರಿಗೆ ಸಂಬಂಧಿಸಿದ 148ರಲ್ಲಿ ಬರೀ ‘ಬಲ’ ಎಂದಿದೆ, ಅಳತೆಯಿಲ್ಲ. ಅಳತೆಯನ್ನು ತುಂಬಿದ್ದು ನ್ಯಾಯಾಲಯಗಳು, ಪೊಲೀಸ್ ಕೈಪಿಡಿಗಳು, ತರಬೇತಿ ಶಾಲೆಯ ಪಾಠಗಳು: ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಆಮೇಲೆ ಲಾಠಿ, ಕೊನೆಗೆ ಗುಂಡು. ಸೊಂಟದ ಕೆಳಗೆ ಹೊಡೆಯಬೇಕು, ತಲೆಗೆ ಹೊಡೆಯಬಾರದು ಎಂಬುದನ್ನು ಪ್ರತಿ ಪೇದೆಯೂ ಕಂಠಪಾಠ ಮಾಡಿರುತ್ತಾನೆ. ಓಡುವವನ ಬೆನ್ನಟ್ಟಿ ಹೊಡೆಯುವಾಗ ಆ ಪಾಠ ಎಲ್ಲಿ ಹೋಗಿರುತ್ತದೆ ಎಂಬುದು ಬೇರೆ ಮಾತು.

ಪ್ರತಿಭಟನೆಯ ಮೇಲೆ ಲಾಠಿ ಬೀಸಿದ ಮರುದಿನದ ಪತ್ರಿಕೆಗಳಲ್ಲಿ ಮೂರು ಪದ ತಪ್ಪದೆ ಬರುತ್ತವೆ: ‘ಲಘು ಲಾಠಿ ಪ್ರಹಾರ’. ಶಾಶ್ವತ ನೀರಾವರಿಗಾಗಿ 2016ರ ಮಾರ್ಚ್‌ನಲ್ಲಿ ಈ ಬಯಲುಸೀಮೆಯಿಂದ ಟ್ರ್ಯಾಕ್ಟರ್ ಹತ್ತಿ ಬೆಂಗಳೂರಿಗೆ ಹೋದವರು ಈ ಸಭೆಯಲ್ಲಿದ್ದೀರಿ. ಅಂದು ನಿಮ್ಮ ಬೆನ್ನಿಗೆ ಬಿದ್ದದ್ದು ಲಘುವೋ ಗುರುವೋ ನಿಮಗೇ ಗೊತ್ತು. ಛಂದಸ್ಸಿನಲ್ಲಾದರೂ ಲಘು ಗುರುಗಳಿಗೆ ಮಾತ್ರೆಯ ಲೆಕ್ಕವಿದೆ. ಇಲ್ಲಿ ಲಘು ಎಂದು ತೂಗಿದವರು ಯಾರು? ಪೊಲೀಸ್ ಅಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ವರದಿಗಾರ ಬರೆದುಕೊಂಡ, ಉಪಸಂಪಾದಕ ಶೀರ್ಷಿಕೆಗೆ ಏರಿಸಿದ. ಎಷ್ಟು ಸಿಬ್ಬಂದಿ ಲಾಠಿ ಬಳಸಿದರು, ಆದೇಶ ಕೊಟ್ಟವರು ಯಾರು, ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಟ್ಟ ವೇಳೆ ಯಾವುದು, ಮೊದಲ ಏಟು ಬಿದ್ದ ವೇಳೆ ಯಾವುದು, ಜಿಲ್ಲಾ ಆಸ್ಪತ್ರೆಗೆ ಬಂದ ಗಾಯಾಳುಗಳೆಷ್ಟು? ಇಷ್ಟು ಒಂದು ಹಾಳೆಯಲ್ಲಿ ಸಿಕ್ಕಿದರೆ ಆ ವಿಶೇಷಣವೇ ಬೇಕಾಗುವುದಿಲ್ಲ. ಠಾಣೆಯ ದಿನಚರಿಯಲ್ಲಿ, ಪೊಲೀಸರ ಮಾತಿನ ಎಸ್‌ಎಚ್‌ಡಿಯಲ್ಲಿ, ಸಾಮಾನ್ಯವಾಗಿ ಕಾಣುವುದು ಒಂದೂವರೆ ಸಾಲು: ಪರಿಸ್ಥಿತಿ ಕೈಮೀರಿದ್ದರಿಂದ ಕನಿಷ್ಠ ಬಲ ಬಳಸಿ ಗುಂಪನ್ನು ಚದುರಿಸಲಾಯಿತು.

ಬೀದಿಯ ಲಾಠಿಗೆ ಕಡೇಪಕ್ಷ ಮೊಬೈಲ್ ಕ್ಯಾಮೆರಾಗಳ ಸಾಕ್ಷಿ ಇದೆ. ಠಾಣೆಯೊಳಗಿನದ್ದು ಹೆಚ್ಚು ಕಷ್ಟದ ವಿಷಯ, ಮತ್ತು ಇಲ್ಲಿ ನಾವು ನಮ್ಮನ್ನೂ ಸ್ವಲ್ಪ ನೋಡಿಕೊಳ್ಳಬೇಕು. ಮನೆಯಲ್ಲಿ ಒಡವೆ ಕಳುವಾದಾಗ ‘ಎರಡೇಟು ಬಿಡಿ ಸಾರ್, ಬಾಯಿ ಬಿಡ್ತಾನೆ’ ಎಂದು ಠಾಣೆಯ ಬೆಂಚಿನ ಮೇಲೆ ಕೂತು ಹೇಳುವವರು ಊರಿನ ಮರ್ಯಾದಸ್ಥರೇ. ಪೊಲೀಸರ ಭಾಷೆಯಲ್ಲಿ ಅದಕ್ಕೆ ‘ಟ್ರೀಟ್‌ಮೆಂಟ್’ ಎಂದು ಹೆಸರು. ಅದರ ಹಿಂದಿರುವ ಕಾನೂನಿನ ತರ್ಕವನ್ನು ತಿಳಿಯದೆ ‘ಪೊಲೀಸರು ಕ್ರೂರಿಗಳು’ ಎಂದು ಬೈದು ಪ್ರಯೋಜನವಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬ ನಿಯಮ ಬ್ರಿಟಿಷರ ಕಾಲದ್ದು. ಆ ಕಾಲದ ಪೊಲೀಸರು ಹೊಡೆದು ಒಪ್ಪಿಸುತ್ತಾರೆಂಬ ಅನುಭವದಿಂದಲೇ ಅದು ಹುಟ್ಟಿತು. ಆದರೆ ಅದೇ ಕಾಯ್ದೆ ಒಂದು ಕಿಂಡಿಯನ್ನು ತೆರೆದಿಟ್ಟಿತು. ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ನ್ಯಾಯಾಲಯ ಒಪ್ಪಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 25, 26 ಮತ್ತು 27ನೇ ಕಲಂಗಳು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಒಂದರಲ್ಲೇ ಸೇರಿಕೊಂಡಿವೆ, ಕಿಂಡಿ ಹಾಗೆಯೇ ಇದೆ. ಠಾಣೆಯ ಮಾತಿನಲ್ಲಿ ಇದರ ಹೆಸರು ‘ರಿಕವರಿ’. ತಿಂಗಳ ಅಪರಾಧ ಸಭೆಯಲ್ಲಿ ಮೇಲಧಿಕಾರಿ ಕೇಳುವುದು ರಿಕವರಿ ಎಷ್ಟಾಯಿತು ಎಂದು. ಹೇಗಾಯಿತು ಎಂದು ಕೇಳುವವರು ಕಡಿಮೆ. ತಪ್ಪೊಪ್ಪಿಗೆ ಅಥವಾ ಮಾಹಿತಿ ಕಸಿಯಲು ಗಾಯಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 120ನೇ ಕಲಂ ಪ್ರಕಾರ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆ ಉಂಟು. ಆ ಕಲಂ ಪುಸ್ತಕದಲ್ಲಿ ಸುಖವಾಗಿದೆ.

ಒಂದು ಪ್ರಸಂಗ ಹೇಳುತ್ತೇನೆ. ಊರು, ಠಾಣೆ ಯಾವುದೆಂದು ಹೇಳುವುದಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ಬೋರ್‌ವೆಲ್ ಕೇಬಲ್ ಕಳವಿನ ಪ್ರಕರಣದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನನ್ನು ಸಂಜೆ ನ್ಯಾಯಾಧೀಶರ ಮುಂದೆ ತಂದರು. ಅವನ ತಾಯಿ ನನ್ನ ಕಕ್ಷಿದಾರಳು. ಹುಡುಗ ನಿಂತ ಭಂಗಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ: ಪಾದಗಳ ಹೊರ ಅಂಚಿನ ಮೇಲೆ ಭಾರ ಹಾಕಿ, ಕೆಂಡ ತುಳಿದವನಂತೆ ಒಂದೊಂದೇ ಕಾಲನ್ನು ಎತ್ತಿ ಇಡುತ್ತಿದ್ದ. ನ್ಯಾಯಾಧೀಶರು ಕೇಳಲೇಬೇಕಾದ ಪ್ರಶ್ನೆ ಕೇಳಿದರು, ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಹುಡುಗ ಪಕ್ಕದಲ್ಲಿ ತನ್ನ ಬೆರಳುಗಳನ್ನು ಹಿಡಿದುಕೊಂಡಿದ್ದ ಪೇದೆಯನ್ನು ಒಮ್ಮೆ ನೋಡಿ ‘ಇಲ್ಲ ಸ್ವಾಮಿ’ ಎಂದ. ಆದೇಶ ಹಾಳೆಯಲ್ಲಿ ಎಂದಿನ ಸಾಲು ಬಂತು: ಆರೋಪಿ ಪೊಲೀಸರ ವಿರುದ್ಧ ಯಾವುದೇ ದೂರು ಹೇಳಿಲ್ಲ. ನಾನು ಎದ್ದು ‘ಅವನ ಪಾದಗಳನ್ನು ನೋಡಬೇಕು’ ಎನ್ನಬಹುದಿತ್ತು. ತಾಯಿ ನನ್ನ ಕೋಟಿನ ತುದಿ ಹಿಡಿದು ‘ಬೇಲ್ ಆದ್ರೆ ಸಾಕು ಸ್ವಾಮಿ, ನಾಳೆಯಿಂದ ಅದೇ ಠಾಣೆ ಮುಂದೆ ಓಡಾಡಬೇಕು’ ಎಂದಳು. ನಾನು ಕೂತೆ. ಬೇಲ್ ಆಯಿತು. ಆ ಪಾದಗಳ ಬಗ್ಗೆ ಎಲ್ಲಿಯೂ ಒಂದಕ್ಷರ ಇಲ್ಲ, ನನ್ನ ಕಡತದಲ್ಲೂ ಇಲ್ಲ.

ವೈದ್ಯಕೀಯ ತಪಾಸಣೆಯ ಕಾಗದ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆಗಳು ನಿಮಗೆ ಗೊತ್ತಿವೆ: ಬಂಧಿಸುವವರ ಎದೆಯ ಮೇಲೆ ಹೆಸರಿನ ಪಟ್ಟಿ, ಸಾಕ್ಷಿಯ ಸಹಿಯಿರುವ ಬಂಧನ ಜ್ಞಾಪನ, ಸಂಬಂಧಿಕರಿಗೆ ತಿಳುವಳಿಕೆ, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ, ಇತ್ಯಾದಿ. ನಾಗರಿಕ ಸುರಕ್ಷಾ ಸಂಹಿತೆಯ 53ನೇ ಕಲಂ ಇನ್ನೂ ಸ್ಪಷ್ಟವಾಗಿದೆ. ಬಂಧಿತನ ಮೈಮೇಲಿನ ಗಾಯ ಅಥವಾ ಹಿಂಸೆಯ ಗುರುತುಗಳನ್ನೂ ಅವು ಆಗಿರಬಹುದಾದ ಅಂದಾಜು ವೇಳೆಯನ್ನೂ ವೈದ್ಯರು ದಾಖಲಿಸಬೇಕು. ಆ ವರದಿಯ ಪ್ರತಿಯನ್ನು ಬಂಧಿತನಿಗೋ ಅವನು ಹೆಸರಿಸಿದವರಿಗೋ ಕೊಡಬೇಕು. ಪಾಲನೆ ಹೇಗಿರುತ್ತದೆ? ಹೊರರೋಗಿಗಳ ಸಾಲಿನ ನಡುವೆ ಪೇದೆಯೊಬ್ಬ ಆರೋಪಿಯನ್ನು ಕರೆದೊಯ್ದು ನಿಲ್ಲಿಸುತ್ತಾನೆ, ನೂರು ರೋಗಿಗಳನ್ನು ನೋಡಿ ಸುಸ್ತಾದ ವೈದ್ಯರು ರಕ್ತದೊತ್ತಡ ನೋಡಿ ‘ಹೊರಗೆ ಕಾಣುವ ಗಾಯಗಳಿಲ್ಲ’ ಎಂದು ಬರೆಯುತ್ತಾರೆ. ಅಂಗಿ ಬಿಚ್ಚಿಸದೆ, ಪೇದೆಯನ್ನು ಬಾಗಿಲಾಚೆ ನಿಲ್ಲಿಸದೆ ಬರೆದ ಈ ಮೂರು ಪದಗಳು ಆಮೇಲೆ ಎಷ್ಟು ಪ್ರಕರಣಗಳನ್ನು ನುಂಗಿವೆಯೋ ಲೆಕ್ಕವಿಟ್ಟವರಿಲ್ಲ.

ಇನ್ನು ‘ಕಾಲಿಗೆ ಗುಂಡು’. ಈ ಸುದ್ದಿಯ ಅಚ್ಚು ನಿಮಗೆ ಬಾಯಿಪಾಠವಾಗಿರಬೇಕು. ಸ್ಥಳ ಮಹಜರಿಗೆ ಕರೆದೊಯ್ದಾಗ ಆರೋಪಿ ಪೇದೆಯ ಮೇಲೆ ಹಲ್ಲೆ ಮಾಡಿ ಪರಾರಿಯಾಗಲು ಯತ್ನಿಸಿದ, ಗಾಳಿಯಲ್ಲಿ ಗುಂಡು ಹಾರಿಸಿ ಶರಣಾಗುವಂತೆ ಎಚ್ಚರಿಸಿದರೂ ಕೇಳಲಿಲ್ಲ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಹೊಡೆಯಲಾಯಿತು, ಇಬ್ಬರೂ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾರೆ. ಪ್ರತಿ ಪ್ರಕರಣವೂ ಸುಳ್ಳು ಎಂದು ನಾನು ಹೇಳಲಾರೆ. ಪೊಲೀಸರಿಗೂ ಪ್ರಾಣವಿದೆ, ಆತ್ಮರಕ್ಷಣೆಯ ಹಕ್ಕು ಅವರಿಗೂ ಇದೆ. ಆದರೆ ಬೇರೆ ಬೇರೆ ಊರು, ಬೇರೆ ಬೇರೆ ಆರೋಪಿ, ಬೇರೆ ಬೇರೆ ರಾತ್ರಿಗಳಲ್ಲಿ ನಡೆದದ್ದಕ್ಕೆ ಒಂದೇ ಒಕ್ಕಣೆ ಇದ್ದರೆ, ಅದನ್ನು ಬರೆದವರು ನಡೆದದ್ದನ್ನು ನೋಡಿ ಬರೆದರೋ ಹಿಂದಿನ ಕಡತವನ್ನು ನೋಡಿ ಬರೆದರೋ ಎಂದು ಕೇಳುವ ಹಕ್ಕು ನಮಗಿದೆ.

ಹೀಗೆ ಕೇಳಬೇಕೆಂದು ಮೊದಲು ಪಟ್ಟು ಹಿಡಿದವರಲ್ಲಿ ಕನ್ನಡಿಗರೊಬ್ಬರಿದ್ದಾರೆ. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾಗಿದ್ದಾಗ, 1997ರ ಮಾರ್ಚ್‌ನಲ್ಲಿ, ಎನ್‌ಕೌಂಟರ್ ಸಾವುಗಳ ಬಗ್ಗೆ ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆದರು. ಅದರ ಸಾರ ಸರಳ: ಕೊಲ್ಲುವ ಹಕ್ಕನ್ನು ಕಾನೂನು ಪೊಲೀಸರಿಗೆ ಕೊಟ್ಟಿಲ್ಲ, ಆತ್ಮರಕ್ಷಣೆಯ ವಿನಾಯಿತಿ ಸಲ್ಲುತ್ತದೆಯೇ ಎಂಬುದನ್ನು ತನಿಖೆ ನಿರ್ಧರಿಸಬೇಕು, ಆ ತನಿಖೆಯನ್ನು ಅದೇ ಠಾಣೆಯವರು ಮಾಡಬಾರದು. 2014ರ ಸೆಪ್ಟೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 16 ಸೂಚನೆಗಳನ್ನು ಕೊಟ್ಟಿತು. ಎಫ್‌ಐಆರ್ ದಾಖಲಾಗಬೇಕು, ಸಿಐಡಿ ಅಥವಾ ಬೇರೆ ಠಾಣೆಯ ತಂಡ ತನಿಖೆ ಮಾಡಬೇಕು, ಬಳಸಿದ ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು, ಅಧಿಕಾರಿಯ ಶೌರ್ಯ ಸಂದೇಹಾತೀತವಾಗಿ ಸ್ಥಾಪಿತವಾಗುವವರೆಗೆ ಬಹುಮಾನವಾಗಲಿ ಬಡ್ತಿಯಾಗಲಿ ಕೊಡಬಾರದು. ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಮಾತು ಆ ತೀರ್ಪಿನ ಕೊನೆಯಲ್ಲಿದೆ: ಈ ಸೂಚನೆಗಳು ಸಾವಿಗೆ ಮಾತ್ರವಲ್ಲದೆ ಎನ್‌ಕೌಂಟರ್‌ನಲ್ಲಿ ಆದ ತೀವ್ರ ಗಾಯಕ್ಕೂ ಅನ್ವಯ. ಕಾಲಿನ ಮೂಳೆ ಪುಡಿಯಾದರೆ ಅದು ತೀವ್ರ ಗಾಯವಲ್ಲದೆ ಮತ್ತೇನು? ಆದರೂ ಮರುದಿನದ ಪತ್ರಿಕೆಯಲ್ಲಿ ‘ತಂಡಕ್ಕೆ ನಗದು ಬಹುಮಾನ’ ಎಂಬ ಸಾಲನ್ನು ಓದಿದಾಗ ನನಗೆ ಅಚ್ಚರಿಯಾಗುವುದು ನಿಂತು ಬಹಳ ಕಾಲವಾಯಿತು.

ಬೇರೆ ಕಡೆ ಹೇಗಿದೆ ಎಂದು ಒಂದೆರಡು ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರ ಏಪ್ರಿಲ್‌ನಿಂದ ಬಲ ಬಳಸಿದ ಪ್ರತಿ ಪೊಲೀಸ್ ಅಧಿಕಾರಿಯೂ ಅದಕ್ಕೆಂದೇ ಇರುವ ನಮೂನೆಯೊಂದನ್ನು ತುಂಬಬೇಕು. ಬಲ ಎಂದರೆ ಅಲ್ಲಿ ಕೈಕೋಳದಿಂದಲೇ ಆರಂಭ. ವಿದ್ಯುತ್ ಆಘಾತ ಕೊಡುವ ಟೇಸರನ್ನು ಹಾರಿಸದೆ ಬರೀ ಹೊರತೆಗೆದು ತೋರಿಸಿದರೂ ನಮೂನೆ ತುಂಬಬೇಕು. ಕಾರಣ, ಬಳಸಿದ ವಿಧಾನ, ಎದುರಿನವರ ವಯಸ್ಸು, ಸಮುದಾಯ, ಇಬ್ಬರಿಗೂ ಆದ ಗಾಯ, ಆಮೇಲೆ ಏನಾಯಿತು ಎಂಬುದೆಲ್ಲ ಅದರಲ್ಲಿರುತ್ತದೆ, ಒಟ್ಟು ಅಂಕಿಅಂಶ ಪ್ರಕಟವಾಗುತ್ತದೆ. ಇದರಿಂದ ಅಲ್ಲಿನ ಪೊಲೀಸರೆಲ್ಲ ಸಂತರಾದರೆಂದು ನಾನು ಹೇಳುತ್ತಿಲ್ಲ. ಕಪ್ಪು ಜನರ ಮೇಲೆ ಬಲಪ್ರಯೋಗ ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು ಎಂದು ಅಲ್ಲಿ ವಾದಿಸುವವರ ಕೈಗೆ ಸರ್ಕಾರದ್ದೇ ಅಂಕಿ ಸಿಗುತ್ತದೆ ಎನ್ನುತ್ತಿದ್ದೇನೆ. ಅಮೆರಿಕದಲ್ಲಿ ಅಂಥ ರಾಷ್ಟ್ರೀಯ ಲೆಕ್ಕಕ್ಕೆ ಮಾಹಿತಿ ಕೊಡುವುದು ಆಯಾ ಪೊಲೀಸ್ ಇಲಾಖೆಯ ಇಚ್ಛೆಗೆ ಬಿಟ್ಟದ್ದು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿನ ಪೊಲೀಸರ ಮೊದಲ ಪ್ರಕಟಣೆಯ ಪ್ರಕಾರ, ಪೊಲೀಸರೊಂದಿಗಿನ ಮುಖಾಮುಖಿಯ ವೇಳೆ ವೈದ್ಯಕೀಯ ತೊಂದರೆಯಿಂದ ವ್ಯಕ್ತಿಯೊಬ್ಬ ಸತ್ತಿದ್ದ. ಕುತ್ತಿಗೆಯ ಮೇಲೆ ಊರಿದ ಮೊಣಕಾಲಿನ ಸುದ್ದಿಯೇ ಅದರಲ್ಲಿರಲಿಲ್ಲ. ದಾರಿಹೋಕ ಹುಡುಗಿಯೊಬ್ಬಳ ಫೋನ್ ಇಲ್ಲದಿದ್ದರೆ ಆ ಒಕ್ಕಣೆಯೇ ಇತಿಹಾಸವಾಗುತ್ತಿತ್ತು. ನಮ್ಮ ‘ಕನಿಷ್ಠ ಬಲ ಬಳಸಿ’ ಎಂಬ ಸಾಲಿನ ಒಡಹುಟ್ಟು ಅದು.

ಕೈಕೋಳದ ಪ್ರಸ್ತಾಪ ಬಂತು. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಕೈಕೋಳ ಮೇಲ್ನೋಟಕ್ಕೇ ಅಮಾನವೀಯ, ಹಾಕಲೇಬೇಕಾದರೆ ಕಾರಣ ಬರೆಯಬೇಕು ಎಂದರು. ನಮ್ಮ ಹೈಕೋರ್ಟ್ 2022ರಲ್ಲಿ, ಚೆಕ್ ಬೌನ್ಸ್ ಪ್ರಕರಣದಲ್ಲಿ ಕೈಕೋಳ ಹಾಕಿಸಿಕೊಂಡ ಕಾನೂನು ವಿದ್ಯಾರ್ಥಿಯೊಬ್ಬರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಬಂಧಿಸುವ ಅಧಿಕಾರಿಗಳಿಗೆ ಮೈಮೇಲೆ ಧರಿಸುವ ಕ್ಯಾಮೆರಾ ಕೊಡಬೇಕೆಂದಿತು. ಹೊಸ ಸಂಹಿತೆಯ 43ನೇ ಕಲಂ ಪದೇ ಪದೇ ಅಪರಾಧ ಮಾಡುವವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆ ಮೊದಲಾದ ಆರೋಪ ಹೊತ್ತವರಿಗೆ ಕೈಕೋಳ ಹಾಕಬಹುದೆಂದು ಈಗ ನೇರವಾಗಿಯೇ ಹೇಳುತ್ತದೆ. ಇದರ ಮೇಲೆ ಇನ್ನೂ ವ್ಯಾಜ್ಯಗಳು ಬರಲಿವೆ.

ಕ್ಯಾಮೆರಾಗಳ ಬಗ್ಗೆ 2020ರ ಡಿಸೆಂಬರ್‌ನ ಪರಮ್‌ವೀರ್ ಸಿಂಗ್ ಸೈನಿ ತೀರ್ಪನ್ನು ಪ್ರತಿಯೊಬ್ಬ ವಕೀಲರೂ ಓದಬೇಕು. ಠಾಣೆಯ ಬಾಗಿಲು, ಲಾಕಪ್, ಮೊಗಸಾಲೆ, ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಭಾಗ, ಹೀಗೆ ಯಾವ ಮೂಲೆಯೂ ಬಿಟ್ಟುಹೋಗದಂತೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಇರಬೇಕು. ದೃಶ್ಯವನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ 1 ವರ್ಷ ಉಳಿಸಬೇಕು. ಇಲ್ಲಿ ಕ್ಯಾಮೆರಾ ಇದೆ ಎಂದು ಸ್ಥಳೀಯ ಭಾಷೆಯಲ್ಲೂ ದೊಡ್ಡ ಫಲಕ ಹಾಕಬೇಕು. ನಾನು ದೃಶ್ಯ ಕೇಳಿ ಅರ್ಜಿ ಹಾಕಿದ ಒಂದು ಪ್ರಕರಣದಲ್ಲಿ ಬಂದ ಉತ್ತರ, ಆ ದಿನ ಹಾರ್ಡ್ ಡಿಸ್ಕ್ ಕೆಟ್ಟಿತ್ತು ಎಂದು. ಹಿಂದಿನ ದಿನ ಸರಿಯಿತ್ತು, ಮರುದಿನವೂ ಸರಿಯಿತ್ತು. ಯಂತ್ರಗಳಿಗೂ ಒಂದು ವಿವೇಚನೆ ಇರಬಹುದು.

ಇಷ್ಟಾದ ಮೇಲೆ ಹೊಣೆಗಾರಿಕೆಯ ಮಾತು. 2006ರ ಸೆಪ್ಟೆಂಬರ್ 22ರ ಪ್ರಕಾಶ್ ಸಿಂಗ್ ತೀರ್ಪು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳಿರಬೇಕು, ಜಿಲ್ಲೆಯದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಬೇಕು, ಅದರ ಶಿಫಾರಸು ಸರ್ಕಾರವನ್ನು ಕಟ್ಟಿಹಾಕಬೇಕು ಎಂದಿತು. ಕರ್ನಾಟಕ ಪೊಲೀಸ್ ಕಾಯ್ದೆ, 1963ಕ್ಕೆ 2012ರಲ್ಲಿ ತಿದ್ದುಪಡಿಯಾಗಿ ಇವಕ್ಕೆ ಕಾನೂನಿನಲ್ಲಿ ಜಾಗವೂ ಸಿಕ್ಕಿತು. ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಟ್ಟವರು ಕೈ ಎತ್ತಿ ಎಂದು ಕೇಳಿದಾಗ ಈ ಸಭೆಯಲ್ಲಿ ಎದ್ದದ್ದು ಎರಡು ಕೈ, ಎರಡೂ ವಕೀಲರವು. ಇನ್ನು ದೂರನ್ನು ನ್ಯಾಯಾಲಯಕ್ಕೇ ಒಯ್ದರೆ ಮೊದಲ ತಡೆಗೋಡೆ ಪೂರ್ವಾನುಮತಿ. ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ, ನಮ್ಮ ಪೊಲೀಸ್ ಕಾಯ್ದೆಯ 170ನೇ ಕಲಂ ಎರಡೂ ಕರ್ತವ್ಯದ ನೆರಳಿನಲ್ಲಿ ಮಾಡಿದ ಕೃತ್ಯಕ್ಕೆ ಸರ್ಕಾರದ ಅನುಮತಿ ಕೇಳುತ್ತವೆ. 2020ರ ಜೂನ್‌ನಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿ ಕರ್ತವ್ಯದ ಎಲ್ಲೆ ಮೀರಿದ್ದರೂ ಆ ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸ ಸಂಬಂಧವಿದ್ದರೆ ಅನುಮತಿ ಬೇಕೇ ಬೇಕು ಎಂದಿತು. ಈ ತೀರ್ಪನ್ನು ಗೌರವದಿಂದಲೇ ನಾನು ಒಪ್ಪಲಾರೆ. ಅಂತರರಾಷ್ಟ್ರೀಯವಾಗಿಯೂ ನಮ್ಮ ನಿಲುವು ಅರ್ಧಕ್ಕೇ ನಿಂತಿದೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆಯನ್ನು ಇಂದಿಗೂ ಕೊಟ್ಟಿಲ್ಲ.

ಭಾಷಣ ಮುಗಿದ ಮೇಲೆ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಎದ್ದು ನಿಂತರು. ಅವರ ಮಾತು ನನ್ನ ಇಡೀ ಉಪನ್ಯಾಸಕ್ಕಿಂತ ಮುಖ್ಯವೆನಿಸಿದ್ದರಿಂದ ಅವರು ಆಡಿದಂತೆಯೇ ಕೊಡುತ್ತೇನೆ. ‘ನೀವು ಹೇಳೋದು ಸರಿ ಸಾರ್. ಆದ್ರೆ ಹೊಡೀರಿ ಅಂತ ಹೇಳೋನು ಬಾಯಲ್ಲಿ ಹೇಳ್ತಾನೆ, ಹೊಡೆಯೋನು ಕೈಯಲ್ಲಿ ಹೊಡೀತಾನೆ. ವಿಡಿಯೋದಲ್ಲಿ ಕಾಣೋದು ಕೈ. ಸಸ್ಪೆಂಡ್ ಆಗೋದು ಪೇದೆ. ಬೆಳಗ್ಗೆ ನಾಲ್ಕಕ್ಕೆ ಬಂದೋಬಸ್ತಿಗೆ ನಿಂತೋನು ಸಂಜೆವರೆಗೂ ಒಂದು ಚಿತ್ರಾನ್ನದ ಪೊಟ್ಟಣದ ಮೇಲೆ ನಿಂತಿರ್ತಾನೆ, ಅವಾಗ ಆರ್ಡರ್ ಬರುತ್ತೆ. ನೀವು ಹೇಳಿದ ಹಾಳೆಯಲ್ಲಿ ಆರ್ಡರ್ ಕೊಟ್ಟೋರ ಹೆಸರಿಗೆ ಒಂದು ಕಾಲಂ ಇಡಿಸಿ. ಅದು ಆಯ್ತು ಅಂದ್ರೆ ಅರ್ಧ ಲಾಠಿ ಮೇಲೇಳೋದೇ ಇಲ್ಲ.’ ಗುಂಡಿಗೆ ಇರುವ ಲೆಕ್ಕ ಪೇದೆಯನ್ನೂ ಕಾಯುತ್ತದೆ ಎಂಬುದು ನನಗೆ ಹೊಳೆದಿತ್ತು; ಲಾಠಿಗೆ ಲೆಕ್ಕವಿಲ್ಲದ್ದರಿಂದ ಅತಿ ಹೆಚ್ಚು ಲಾಭ ಆದೇಶ ಕೊಡುವವರಿಗೆ ಎಂಬುದು ಅವರು ಹೇಳುವವರೆಗೆ ಇಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ.

ಕಾನೂನು ವಿದ್ಯಾರ್ಥಿನಿಯೊಬ್ಬಳು ಕೇಳಿದಳು: ಇಂಗ್ಲೆಂಡಿನಂಥ ನಮೂನೆ ನಮ್ಮಲ್ಲಿ ಬರುವುದು ಯಾವಾಗಲೋ, ಅಲ್ಲಿಯವರೆಗೆ ನಾವೇನು ಮಾಡಬೇಕು? 53ನೇ ಕಲಮಿನ ಪ್ರತಿ ಕೇಳಿ ಎಂದೆ. ಅದಕ್ಕೆ ಹೊಸ ಕಾಯ್ದೆ ಬೇಡ, ರಿಟ್ ಅರ್ಜಿ ಬೇಡ, ಶುಲ್ಕವೂ ಇಲ್ಲ. ಕಳೆದ ತಿಂಗಳು ನಾನೇ ಒಬ್ಬ ಬಂಧಿತನ ಪರವಾಗಿ ಕೇಳಿದ್ದೆ. ಮೂರು ದಿನ ಅಲೆದ ಮೇಲೆ, ‘ಇದನ್ನ ಇದುವರೆಗೂ ಯಾರೂ ಕೇಳಿರ್ಲಿಲ್ಲ’ ಎನ್ನುತ್ತ ಆಸ್ಪತ್ರೆಯ ಗುಮಾಸ್ತ ಒಂದು ಜೆರಾಕ್ಸ್ ಹಾಳೆ ಕೊಟ್ಟ. ಎಡಗೈಯಲ್ಲಿ 4 ಸೆಂಟಿಮೀಟರ್ ಉದ್ದದ ಕಂದುಗೆಂಪು ಬಾವು ಎಂದು ವೈದ್ಯರು ಬರೆದಿದ್ದರು. ಗಾಯವಾದ ಅಂದಾಜು ವೇಳೆ ಎಂಬ ಸಾಲಿನ ಮುಂದೆ ಜಾಗ ಖಾಲಿ ಇತ್ತು. ಆ ಖಾಲಿ ಜಾಗವನ್ನು ತುಂಬಿಸಿಕೊಡಿ ಎಂದು ಮರುದಿನ ಇನ್ನೊಂದು ಅರ್ಜಿ ಬರೆದಿದ್ದೇನೆ.